ಜೋಡು ಕಚ್ಚುವುದೇಕೆ?

(ಚೆನ್ನೈ ಕನ್ನಡಿಗರ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪನ ವಿಷಯವಾಗಿಯೋ ವಿಜಯನಗರದ ವಿಷಯವಾಗಿಯೋ ಮಾತನಾಡುವುದು ವಾಡಿಕೆ. ನಾನು ಆರಿಸಿಕೊಂಡಿರುವುದಾದರೋ ಕಾಲಿಗೆ ಮೆಟ್ಟುವ ಜೋಡು. ಬಾಗಿಲ ಹೊರಗೆ ಬಿಟ್ಟು ಬರಬೇಕಾದ ವಸ್ತುವನ್ನು ಈತ ಸಭೆಯ ಒಳಕ್ಕೇ ತಂದನಲ್ಲ ಎಂದು ತಾವು ಹುಬ್ಬು ಗಂಟಿಕ್ಕಬಾರದು. ಊರು ಬಿಟ್ಟು ಬಂದ ನಮ್ಮವರಲ್ಲಿ ಬಹುಮಂದಿ ಈ ನಗರದಲ್ಲಿ ನೆಲೆ ಕಂಡದ್ದು ನಿಂತು ದುಡಿದು. ಹೋಟೆಲಿನಲ್ಲಿ ತಟ್ಟೆ ಲೋಟ ಹೊತ್ತವರು, ದೋಸೆಕಲ್ಲಿನ ಮುಂದೆ ನಿಂತವರು, ಆಸ್ಪತ್ರೆಯ ದಾದಿಯರು, ಶಾಲೆಯ ಉಪಾಧ್ಯಾಯರು, ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವರು, ಕಾರ್ಖಾನೆಯ ಕಾರ್ಮಿಕರು, ಇವರೆಲ್ಲರ ಸಂಸಾರದ ಭಾರ ಬಿದ್ದದ್ದು ಎರಡು ಪಾದಗಳ ಮೇಲೆ. ಆ ಪಾದಗಳ ವಿಷಯವಾಗಿ ವರ್ಷಕ್ಕೊಮ್ಮೆ ಅರ್ಧ ಗಂಟೆ ವಿಚಾರ ಮಾಡಿದರೆ ಕನ್ನಡ ತಾಯಿ ಮುನಿಯಲಾರಳೆಂದು ನಂಬಿದ್ದೇನೆ.

ಹೊಸ ಜೋಡು ಕಚ್ಚುತ್ತದೆ ಎಂದು ನಾವೆಲ್ಲರೂ ಹೇಳುತ್ತೇವೆ. ನಾಯಿ ಕಚ್ಚಿದರೆ ಮದ್ದಿಗೆ ಓಡುವ ನಾವು, ಜೋಡು ಕಚ್ಚಿದರೆ ಎಣ್ಣೆ ಸವರಿ, ಹತ್ತಿ ತುರುಕಿ, "ನಾಲ್ಕು ದಿನ ಹಾಕಿದರೆ ತಾನಾಗಿ ಪಳಗುತ್ತದೆ" ಎಂದು ಸುಮ್ಮನಾಗುತ್ತೇವೆ. ಅನೇಕ ವೇಳೆ ಪಳಗುವುದು ಜೋಡಲ್ಲ, ಕಾಲು. ಆಣಿ ಬೀಳುತ್ತದೆ, ಹೆಬ್ಬೆರಳು ಓರೆಯಾಗುತ್ತದೆ, ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಸಂಸಾರಕ್ಕೆ ಬಹಳ ಒಳ್ಳೆಯದು. ಜೋಡಿನ ಮಟ್ಟಿಗೆ ಮಾತ್ರ ಅದನ್ನು ತಿರುಗಿಸಬೇಕು: ಕಾಲು ಇದ್ದಷ್ಟು ಜೋಡು. ನನ್ನ ಭಾಷಣದ ಸಾರವೆಲ್ಲ ಇಷ್ಟೇ. ಉಳಿದದ್ದು ಇದರ ವಿವರಣೆ.

ಈ ವಿವರಣೆಯನ್ನು ನಮಗೆ ಒದಗಿಸಿಕೊಟ್ಟಿರುವುದು ಬಯೋಮೆಕ್ಯಾನಿಕ್ಸ್ ಎಂಬ ಶಾಸ್ತ್ರ. ಹೆಸರು ದೊಡ್ಡದಾದರೂ ವಿಷಯ ಸರಳ. ಸೇತುವೆ ಕಟ್ಟುವ ಇಂಜಿನಿಯರನು ಎಲ್ಲಿ ಎಷ್ಟು ಭಾರ ಬೀಳುತ್ತದೆ, ಎಲ್ಲಿ ಎಷ್ಟು ಎಳೆತವಿದೆ ಎಂದು ಲೆಕ್ಕ ಹಾಕುವನಷ್ಟೆ. ಅದೇ ಲೆಕ್ಕವನ್ನು ಜೀವಂತ ದೇಹಕ್ಕೆ ಹಾಕಿ ನೋಡುವುದೇ ಈ ಶಾಸ್ತ್ರ. ಜೀವಬಲಶಾಸ್ತ್ರವೆಂದು ನಾವು ಇದನ್ನು ಕರೆಯಬಹುದು.

ಮೊದಲು ಪಾದವೆಂಬ ಈ ಸೇತುವೆಯನ್ನು ನೋಡೋಣ. ಒಂದೊಂದು ಪಾದದಲ್ಲಿ ೨೬ ಮೂಳೆಗಳು, ೩೩ ಕೀಲುಗಳು. ಮೈಯಲ್ಲಿರುವ ೨೦೬ ಮೂಳೆಗಳಲ್ಲಿ ೫೨ ಎರಡು ಪಾದಗಳಲ್ಲಿಯೇ ಇವೆ. ಎಂದರೆ ನಮ್ಮ ಮೂಳೆಗಳ ಕಾಲುಭಾಗ ಕಾಲಿನಲ್ಲಿಯೇ ಉಂಟು! ಹಿಮ್ಮಡಿಯ ಕೆಳಗೆ ಕೊಬ್ಬಿನ ಒಂದು ಮೆತ್ತೆ, ನಡುವೆ ಕಮಾನು, ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಬಿಗಿಯಾಗಿ ಹಬ್ಬಿದ ನಾರಿನ ಪಟ್ಟಿ. ನಾವು ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಬಾಗುತ್ತವೆ. ಆಗ ಬಾವಿಯ ರಾಟೆಗೆ ಹಗ್ಗ ಸುತ್ತಿದಂತೆ ಆ ಪಟ್ಟಿ ಬೆರಳ ಬುಡಕ್ಕೆ ಸುತ್ತಿ ಬಿಗಿಯುತ್ತದೆ, ಕಮಾನು ಮೇಲೇಳುತ್ತದೆ, ಸಡಿಲವಾಗಿದ್ದ ಪಾದ ಕ್ಷಣಾರ್ಧದಲ್ಲಿ ಗಟ್ಟಿ ಸನ್ನೆಕೋಲಾಗಿ ದೇಹವನ್ನು ಮುಂದಕ್ಕೆ ನೂಕುತ್ತದೆ. ಜೆ. ಎಚ್. ಹಿಕ್ಸ್ ಎಂಬವರು ಇದನ್ನು ೧೯೫೪ರಲ್ಲಿ ವಿವರಿಸಿದರು. ಬೆರಳುಗಳಿರುವ ಭಾಗ ಇಕ್ಕಟ್ಟಾದ, ಬಾಗಬೇಕಾದ ಕಡೆ ಬಾಗದ ಜೋಡು ಈ ಸೊಗಸಾದ ಏರ್ಪಾಡಿಗೆ ಅಡ್ಡ ಬರುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ಭಾರದ ಲೆಕ್ಕ. ಸಾಧಾರಣ ನಡಿಗೆಯಲ್ಲಿ ಪಾದದ ಮೇಲೆ ಬೀಳುವ ಬಲ ಗರಿಷ್ಠ ಕ್ಷಣದಲ್ಲಿ ಮೈತೂಕಕ್ಕಿಂತ ಒಂದೆರಡು ಹತ್ತಾಂಶದಷ್ಟು ಹೆಚ್ಚಿರುತ್ತದೆ. ೬೦ ಕಿಲೋ ತೂಕದ ಮನುಷ್ಯನಿಗೆ ಸುಮಾರು ೭೦ ಕಿಲೋ ಎಂದಿಟ್ಟುಕೊಳ್ಳಿ. ಹೋಟೆಲಿನಲ್ಲಿ ಬಡಿಸುವವನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಿದನೆಂದರೆ ಒಂದೊಂದು ಪಾದ ಐದು ಸಾವಿರ ಸಲ ನೆಲ ಮುಟ್ಟುತ್ತದೆ. ಗುಣಿಸಿ ನೋಡಿ: ಒಂದು ಪಾದಕ್ಕೆ ದಿನವೊಂದಕ್ಕೆ ಮೂರೂವರೆ ಲಕ್ಷ ಕಿಲೋ, ಎಂದರೆ ೩೫೦ ಟನ್. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ ಮೂವತ್ತೈದು ಲಾರಿಗಳಾಗುತ್ತವೆ. ಇಷ್ಟು ಭಾರ ಹೊತ್ತವನ ಕಾಲಿನಲ್ಲಿ ಇರುವುದು ಬಹುಶಃ ಸವೆದ ಒಂದು ಹವಾಯಿ ಚಪ್ಪಲಿ.

ನಡೆಯುವುದಕ್ಕಿಂತ ನಿಲ್ಲುವುದು ಸುಲಭವೆಂದು ಕೆಲವರ ಭಾವನೆ. ದಿನವಿಡೀ ನಿಂತವರನ್ನು ಕೇಳಿ ನೋಡಿ, ಅವರು ಒಪ್ಪಲಾರರು. ನಡೆಯುವಾಗ ಒಂದು ಪಾದ ದುಡಿದರೆ ಇನ್ನೊಂದಕ್ಕೆ ಕ್ಷಣಕಾಲದ ಬಿಡುವು. ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ನಿಂತಾಗ ಈ ಪಂಪು ಮಲಗಿಬಿಡುತ್ತದೆ. ರಕ್ತ ಕಾಲಿನಲ್ಲಿ ತಂಗುತ್ತದೆ. ಸಂಜೆಯ ಹೊತ್ತಿಗೆ ಪಾದ ಊದುತ್ತದೆ. ಭಾರ ಬಿದ್ದ ಕಡೆಯೇ ಮತ್ತೆ ಬೀಳುತ್ತಿರುತ್ತದೆ. ಬರಿಗಾಲಲ್ಲಿ ನಿಂತವರ ಪಾದದಡಿಯನ್ನು ೧೯೮೭ರಲ್ಲಿ ಅಳೆದು ನೋಡಿದಾಗ ಭಾರದಲ್ಲಿ ನೂರಕ್ಕೆ ೬೦ ಪಾಲು ಹಿಮ್ಮಡಿಯ ಮೇಲೆ, ೨೮ ಪಾಲು ಪಾದದ ಮುಂಭಾಗದ ಮೇಲೆ, ೮ ಪಾಲು ನಡುವೆ, ೪ ಪಾಲು ಮಾತ್ರ ಬೆರಳುಗಳ ಮೇಲೆ ಇದ್ದದ್ದು ಕಂಡುಬಂತು. ನಿಂತು ದುಡಿಯುವವನ ಜೋಡು ಮೊದಲು ಹಿಮ್ಮಡಿಯನ್ನು ವಿಚಾರಿಸಿಕೊಳ್ಳಬೇಕು.

ಇಷ್ಟು ಸೂಕ್ಷ್ಮವಾದ ಅಂಗಕ್ಕೆ ಮನುಷ್ಯನು ಬಹುಕಾಲ ಹೊಲಿದದ್ದು ಎಂಥ ಜೋಡು ಬಲ್ಲಿರಾ? ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಎಡ ಬಲವೆಂಬ ಭೇದವಿಲ್ಲದ ಬೂಟುಗಳು ಸಾಮಾನ್ಯವಾಗಿದ್ದವು. ಹಾಲೆಂಡಿನ ದೇಹರಚನಾಶಾಸ್ತ್ರಜ್ಞ ಪೀಟ್ರಸ್ ಕ್ಯಾಂಪರ್ ೧೭೮೧ರಲ್ಲಿ ಉತ್ತಮ ಜೋಡಿನ ಆಕಾರ ಯಾವುದೆಂಬ ವಿಷಯವಾಗಿಯೇ ಒಂದು ಪ್ರಬಂಧ ಬರೆದನು. ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವುಗಳಲ್ಲಿ ಸೇನೆಯೂ ಒಂದು, ಏಕೆಂದರೆ ಕಾಲು ಕೆಟ್ಟ ಸೈನಿಕನಿಂದ ಉಪಯೋಗವಿಲ್ಲ. ಅಮೆರಿಕದ ಸೇನಾ ವೈದ್ಯ ಎಡ್ವರ್ಡ್ ಮನ್ಸನ್ ನೇತೃತ್ವದ ಮಂಡಲಿ ನಾಲ್ಕು ವರ್ಷ ಸುಮಾರು ಎರಡು ಸಾವಿರ ಸೈನಿಕರ ಪಾದಗಳನ್ನು ಪರೀಕ್ಷಿಸಿ ಬೂಟಿಗೆ ಹೊಸ ಅಚ್ಚೊಂದನ್ನು ಮಾಡಿತು. ೧೯೧೨ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಅವರು ತಂದ ಒಂದು ನಿಯಮ ನನಗೆ ಬಹಳ ಮೆಚ್ಚಿಗೆ. ಸೈನಿಕನ ಬೆನ್ನಿಗೆ ೪೦ ಪೌಂಡ್ ಹೊರೆ ಏರಿಸಿ, ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಬಿಡಿಸಿ, ಆಮೇಲೆ ಅಳತೆ ತೆಗೆಯಬೇಕು! ಭಾರ ಬಿದ್ದ ಪಾದ ಹರಡಿ ಉದ್ದಗಲಗಳಲ್ಲಿ ಬೆಳೆಯುತ್ತದೆ. ಕುರ್ಚಿಯ ಮೇಲೆ ಕುಳಿತು ಚಾಚಿದ ಪಾದದ ಅಳತೆ ಕೆಲಸದ ಅಳತೆಯಲ್ಲ.

ಅಳೆಯುವ ಉಪಕರಣಗಳೂ ಬೆಳೆದವು. ಫ್ರಾನ್ಸಿನ ಏತಿಯೆನ್ ಜೂಲ್ ಮಾರೇ ೧೮೭೦ರ ದಶಕದಲ್ಲಿ ಬೂಟಿನ ಅಟ್ಟೆಯೊಳಗೆ ಗಾಳಿಯ ಕೋಣೆಯಿಟ್ಟು, ಹೆಜ್ಜೆಯ ಒತ್ತಡ ನಳಿಗೆಯ ಮೂಲಕ ಹಾದು ಕಾಗದದ ಮೇಲೆ ಗೆರೆ ಬರೆಯುವಂತೆ ಮಾಡಿದನು. ಇಂದು ನೆಲದಲ್ಲಿ ಹೂತಿಟ್ಟ ಬಲಮಾಪಕ ಹಲಗೆಯ ಮೇಲೆ ನಡೆದರೆ ಹೆಜ್ಜೆಯ ಬಲವೆಲ್ಲ ಕಂಪ್ಯೂಟರಿನಲ್ಲಿ ಎರಡು ಗುಡ್ಡಗಳ ಚಿತ್ರವಾಗಿ ಮೂಡುತ್ತದೆ: ಮೊದಲ ಗುಡ್ಡ ಭಾರವನ್ನು ಕಾಲು ಪೂರ್ತಿ ವಹಿಸಿಕೊಂಡಾಗ, ಎರಡನೆಯದು ಮುಂದಕ್ಕೆ ನೂಕಿದಾಗ. ಕಾಗದದಷ್ಟು ತೆಳುವಾದ ಒಳಹಾಸಿನಲ್ಲಿ ಹತ್ತಾರು ಸಂವೇದಕಗಳನ್ನಿಟ್ಟು ಜೋಡಿನ ಒಳಗೆ ಯಾವ ಜಾಗದಲ್ಲಿ ಎಷ್ಟು ಒತ್ತಡವೆಂದು ಬಣ್ಣಬಣ್ಣವಾಗಿ ನೋಡಬಹುದು.

ಇವುಗಳಿಂದ ನಾವು ಕಲಿತ ಪಾಠಗಳಲ್ಲಿ ಮೂರನ್ನು ತಮ್ಮ ಮುಂದಿಡುತ್ತೇನೆ.

ಮೊದಲ ಪಾಠ ನಮ್ಮ ನೆರೆಯ ವೆಲ್ಲೂರಿನದು. ೧೯೪೬ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದದ ಹುಣ್ಣುಗಳನ್ನು ಅಭ್ಯಾಸ ಮಾಡಿದರು. ರೋಗದಿಂದ ಮಾಂಸ ತಾನಾಗಿ ಕೊಳೆಯುತ್ತದೆಂಬುದು ಆಗಿನ ನಂಬಿಕೆ. ನೋವು ತಿಳಿಯದ ಕಾಲಿನ ಮೇಲೆ ದಿನದಿನವೂ ಒಂದೇ ಜಾಗದಲ್ಲಿ ಬೀಳುವ ಒತ್ತಡವೇ ಹುಣ್ಣಿಗೆ ಕಾರಣವೆಂದು ಅವರು ತೋರಿಸಿಕೊಟ್ಟರು. ಒಂದೇ ಸಲ ಬಿದ್ದರೆ ಏನೂ ಮಾಡದ ಸಣ್ಣ ಒತ್ತಡ ಸಾವಿರಾರು ಸಲ ಬಿದ್ದಾಗ ಚರ್ಮ ಒಡೆಯುತ್ತದೆ. ಹಾಗಾದರೆ ಔಷಧವೇನು? ಅದೇ ಭಾರವನ್ನು ಹೆಚ್ಚು ಜಾಗಕ್ಕೆ ಹರಡುವುದು. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಗಳು ಹೀಗೆ ಬಳಕೆಗೆ ಬಂದವು. ಇಂದು ಈ ಪಾಠ ಬೇಕಾಗಿರುವುದು ಮುಖ್ಯವಾಗಿ ಮಧುಮೇಹಿಗಳಿಗೆ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಮಧುಮೇಹಿಗಳಿದ್ದಾರೆ. ಜೋಮು ಹಿಡಿದ ಕಾಲಿಗೆ ಜೋಡು ಕಚ್ಚಿದರೂ ಗೊತ್ತಾಗುವುದಿಲ್ಲ. ಆದುದರಿಂದ ಅಂಥವರು ಪ್ರತಿದಿನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಹಾಕುವ ಮುಂಚೆ ಜೋಡಿನೊಳಗೆ ಕೈಯಾಡಿಸಿ ಕಲ್ಲು ಮೊಳೆಗಳಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯಕೂಡದು.

ಎರಡನೆಯ ಪಾಠ: ಮೆತ್ತಗಿದ್ದದ್ದೆಲ್ಲ ಹಿತವಲ್ಲ. ಹತ್ತಿಯ ಹಾಸಿಗೆಯ ಮೇಲೆ ಹತ್ತು ನಿಮಿಷ ನಿಂತು ನೋಡಿ. ಮೈ ತೂಗಾಡದಂತೆ ಹಿಡಿಯುವುದರಲ್ಲೇ ಕಣಕಾಲಿನ ಸ್ನಾಯುಗಳು ದಣಿಯುತ್ತವೆ. ಅತಿ ಮೆತ್ತನೆಯ ಹಾಸು ಕೆಲವು ವಾರಗಳಲ್ಲಿ ಚಪ್ಪಟೆಯಾಗಿ ನೆಲಕ್ಕೆ ಅಂಟುತ್ತದೆ. ಹಿತವನ್ನು ಯಂತ್ರದಿಂದ ಮಾತ್ರವೇ ನಿರ್ಣಯಿಸಲೂ ಆಗದು. ಕೆನಡದ ಕ್ಯಾಲ್ಗರಿ ವಿಶ್ವವಿದ್ಯಾನಿಲಯದವರು ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು ಇನ್ನೂರು ಸೈನಿಕರ ಮುಂದೆ ಆರು ಬಗೆಯ ಒಳಹಾಸುಗಳನ್ನಿಟ್ಟು ಹಿತವೆನಿಸಿದ್ದನ್ನು ಆರಿಸಿಕೊಳ್ಳಿ ಎಂದರು. ಎಲ್ಲರೂ ಒಂದನ್ನೇ ಆರಿಸಲಿಲ್ಲ. ತಾವೇ ಆರಿಸಿದ್ದನ್ನು ಹಾಕಿಕೊಂಡವರಲ್ಲಿ, ಒಳಹಾಸು ಇಲ್ಲದವರಿಗಿಂತ, ನೋವು ಪೆಟ್ಟುಗಳು ಕಡಮೆಯಾಗಿದ್ದವು. ಇದಕ್ಕೆ ಪ್ರತಿಯಾಗಿ, ಅಮೆರಿಕದ ಸೇನೆಯಲ್ಲಿ ಪಾದದ ಕಮಾನಿನ ಆಕಾರವನ್ನು ನೋಡಿ ಇಂಥವನಿಗೆ ಇಂಥ ಬೂಟೆಂದು ಹಂಚಿದಾಗ, ಎಲ್ಲರಿಗೂ ಒಂದೇ ಬಗೆಯದನ್ನು ಕೊಟ್ಟ ತುಕಡಿಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ವಿಜ್ಞಾನ ಇಷ್ಟು ಸುತ್ತಿ ಬಂದು ಹೇಳಿದ್ದೇನೆಂದರೆ, ಹಾಕಿಕೊಳ್ಳುವವನನ್ನೇ ಕೇಳಿ ಎಂದು. ಕಾರ್ಮಿಕರ ಬೂಟನ್ನು ಕಛೇರಿಯಲ್ಲಿ ಕುಳಿತು ಸಗಟಾಗಿ ಖರೀದಿಸುವವರು ಈ ಮಾತನ್ನು ಗೋಡೆಯ ಮೇಲೆ ಬರೆಸಿಡಬೇಕು.

ಮೂರನೆಯದು ಜಾರುವಿಕೆಯ ಪಾಠ. ಎಣ್ಣೆ ನೀರು ಚೆಲ್ಲಿದ ಅಡಿಗೆಮನೆ, ಒರೆಸಿದ ಆಸ್ಪತ್ರೆಯ ನೆಲ, ಇವುಗಳ ಮೇಲೆ ಅಟ್ಟೆಯ ಹಿಡಿತ ಮುಖ್ಯ. ಇಂಗ್ಲೆಂಡಿನ ಆಸ್ಪತ್ರೆಗಳ ನಾಲ್ಕೂವರೆ ಸಾವಿರ ನೌಕರರಲ್ಲಿ ಒಂದು ಗುಂಪಿಗೆ ಜಾರದ ಅಟ್ಟೆಯ ಬೂಟುಗಳನ್ನು ಕೊಟ್ಟು ಇನ್ನೊಂದು ಗುಂಪಿನೊಡನೆ ಹೋಲಿಸಿದರು. ಯಾರ್ಕ್ ವಿಶ್ವವಿದ್ಯಾನಿಲಯದವರು ನಡೆಸಿದ ಈ ಪರೀಕ್ಷೆಯಲ್ಲಿ ಜಾರುವ ಪ್ರಸಂಗಗಳು ನೂರಕ್ಕೆ ೩೭ರಷ್ಟು ಕಡಮೆಯಾದವು. ಸೊಂಟ ಮುರಿದುಕೊಂಡವನ ಆಸ್ಪತ್ರೆಯ ಖರ್ಚಿನ ಮುಂದೆ ಒಂದು ಜೊತೆ ಬೂಟಿನ ಬೆಲೆ ಯಾವ ಲೆಕ್ಕ?

ಈಗ ನಮ್ಮ ಪಾದಗಳ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ನಾವು ಏಳು, ಎಂಟು, ಒಂಬತ್ತು ಎಂದು ಕೇಳುವ ನಂಬರು ಇಂಗ್ಲೆಂಡಿನದು. ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಜವೆಗೋಧಿಯ ಒಂದು ಕಾಳಿನ ಉದ್ದ, ಎಂದರೆ ಅಂಗುಲದ ಮೂರನೆಯ ಒಂದು ಪಾಲು! ಈ ನಂಬರು ಹೇಳುವುದು ಉದ್ದವನ್ನು. ಅಗಲದ ಸುದ್ದಿಯನ್ನೇ ಎತ್ತುವುದಿಲ್ಲ. ನಾವಿರುವ ಈ ನಗರದ ಅಡ್ಯಾರಿನಲ್ಲಿ ೧೯೪೮ರಲ್ಲಿ ಸ್ಥಾಪನೆಯಾದ ಕೇಂದ್ರ ಚರ್ಮ ಸಂಶೋಧನಾಲಯವಿದೆಯಷ್ಟೆ. ಅಲ್ಲಿನ ವಿಜ್ಞಾನಿಗಳು ೨೦೨೧ರ ಡಿಸೆಂಬರಿನಿಂದ ೨೦೨೨ರ ಮಾರ್ಚಿಯವರೆಗೆ ದೇಶದ ೭೯ ಸ್ಥಳಗಳಲ್ಲಿ ೧,೦೧,೮೮೦ ಜನರ ಪಾದಗಳನ್ನು ಮೂರು ಆಯಾಮಗಳ ಸ್ಕ್ಯಾನರಿನಿಂದ ಅಳೆದರು. ಭಾರತೀಯರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲವೆಂದು ತಿಳಿದುಬಂತು. ಆದುದರಿಂದಲೇ ನಮ್ಮಲ್ಲಿ ಅನೇಕರು ಅಗಲ ಸಾಲದೆ ಒಂದು ನಂಬರು ದೊಡ್ಡದನ್ನು ಕೊಳ್ಳುತ್ತಾರೆ; ಉದ್ದ ಹೆಚ್ಚಾಗಿ ಹಿಮ್ಮಡಿ ಒಳಗೆ ಜಾರಾಡುತ್ತದೆ; ಜಾರಾಡಿದ ಕಡೆ ಉಜ್ಜಿ ಬೊಬ್ಬೆ ಏಳುತ್ತದೆ. ಜೋಡು ಕಚ್ಚುವ ರಹಸ್ಯದ ಒಂದು ದೊಡ್ಡ ಪಾಲು ಇಲ್ಲಿದೆ. ಹುಡುಗಿಯರ ಪಾದ ಸುಮಾರು ಹನ್ನೊಂದನೆಯ ವಯಸ್ಸಿನಲ್ಲಿ, ಹುಡುಗರದು ಹದಿನೈದು ಹದಿನಾರರಲ್ಲಿ ಬೆಳವಣಿಗೆಯ ಶಿಖರ ಮುಟ್ಟುತ್ತದೆಂದೂ ಕಂಡುಬಂತು. ಮಕ್ಕಳಿಗೆ ಶಾಲೆಯ ಬೂಟು ಕೊಡಿಸುವ ತಾಯಂದಿರು ಇದನ್ನು ನೆನಪಿಡಬೇಕು. ನಾನಾ ಪ್ರಾಂತಗಳ ಜನರಿಗೆ ಬೇರೆ ಬೇರೆ ಅಳತೆಗಳು ಬೇಕಾದಾವೆಂದು ಮೊದಲು ಊಹಿಸಿದ್ದರಂತೆ. ಅಳೆದ ಮೇಲೆ ಎಲ್ಲರಿಗೂ ಒಂದೇ ಪದ್ಧತಿ ಸಾಕೆಂದು ತೋರಿ, ಭಾರತದ ಮೊದಲಕ್ಷರದಿಂದ 'ಭಾ' ಎಂಬ ಹೆಸರಿನಲ್ಲಿ ಎಂಟು ವರ್ಗಗಳ ಅಳತೆಯನ್ನು ಸೂಚಿಸಿದರು. ಭಾಷೆ ಬೇರೆಯಾದರೂ ನಮ್ಮ ಪಾದಗಳು ಒಂದೇ ಕುಟುಂಬಕ್ಕೆ ಸೇರಿದವೆಂದಾಯಿತು!

ಹಾಗೆಂದು ಅಳತೆಯ ವಿದ್ಯೆ ಪಾಶ್ಚಾತ್ಯರಿಂದಲೇ ಬಂತೆಂದು ಯಾರೂ ತಿಳಿಯಬಾರದು. ಬೆಳಗಾವಿ ಜಿಲ್ಲೆಯ ಅಥಣಿಯ ಚಪ್ಪಲಿಯನ್ನು ನೋಡಿ. ಕೊಲ್ಹಾಪುರಿಯೆಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾದ ಈ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲು, ಮೊಳೆಯಿಲ್ಲದ ಹೊಲಿಗೆ. ಇಂಥ ತೊಗಲು ಬೆವರನ್ನು ಹೀರಿ, ದಿನ ಕಳೆದಂತೆ ತೊಟ್ಟವನ ಅಂಗಾಲಿನ ಅಚ್ಚನ್ನೇ ತಾಳುತ್ತದೆ. ಒತ್ತಡವನ್ನು ಹರಡಬೇಕೆಂದು ಪ್ರಯೋಗಶಾಲೆ ಹೇಳಿದ್ದನ್ನು ತೊಗಲು ತನ್ನ ರೀತಿಯಲ್ಲಿ ಮಾಡುತ್ತದೆ. ಆದರೂ ಒದ್ದೆ ನೆಲಕ್ಕೂ ಕಾದ ಎಣ್ಣೆಯ ಬಾಣಲೆಗೂ ಅದು ತಕ್ಕದ್ದಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಜೋಡು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆಗಳನ್ನು ಮಾಡಿ ಅರ್ಪಿಸಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟಲೊಲ್ಲದೆ ತಲೆಯ ಮೇಲಿಟ್ಟುಕೊಂಡರೆಂದೂ ಪ್ರತೀತಿ. ಜೋಡು ಹೊಲಿಯುವವನ ಕಸುಬನ್ನು ತಲೆಯ ಮೇಲಿಟ್ಟುಕೊಂಡ ನಾಡು ನಮ್ಮದು. ಅದೇ ನಾಡು ಆ ಕಸುಬಿನವರನ್ನು ಬಹುಕಾಲ ಊರ ಹೊರಗಿಟ್ಟಿತೆಂಬುದೂ ಅಷ್ಟೇ ನಿಜ.

ಕಾರ್ಖಾನೆಯವರಿಗೆ ಒಂದು ಮಾತು. ಬೆರಳ ಮೇಲೆ ಉಕ್ಕಿನ ಕವಚವಿರುವ ರಕ್ಷಣಾ ಬೂಟಿಗೆ ನಿಗದಿಯಾದ ಪರೀಕ್ಷೆ ೨೦೦ ಜೂಲ್ ಪೆಟ್ಟು, ಎಂದರೆ ೨೦ ಕಿಲೋ ಗುಂಡು ಒಂದು ಮೀಟರು ಎತ್ತರದಿಂದ ಬಿದ್ದಷ್ಟು. ಇದು ಅಗತ್ಯವೇ. ಆದರೆ ಆ ಕವಚ ತಾನು ಹಿಗ್ಗುವುದಿಲ್ಲ. ಅಗಲ ಸಾಲದಿದ್ದರೆ ಕಿರುಬೆರಳನ್ನು ದಿನವಿಡೀ ಅರೆಯುತ್ತದೆ. ಕೊನೆಗೆ ಕಾರ್ಮಿಕನು ಬೂಟನ್ನು ಮೂಲೆಗೆ ತಳ್ಳಿ ಚಪ್ಪಲಿಯಲ್ಲಿ ನಿಲ್ಲುತ್ತಾನೆ. ಅಪಘಾತವಾದ ದಿನ ಎಲ್ಲರೂ ಅವನ ಅಲಕ್ಷ್ಯವನ್ನು ದೂರುತ್ತಾರೆ; ಬೂಟಿನ ಅಗಲವನ್ನು ಯಾರೂ ವಿಚಾರಿಸುವುದಿಲ್ಲ. ತೊಡಲಾಗದ ರಕ್ಷೆ ರಕ್ಷೆಯೇ ಅಲ್ಲ.

ತಾವು ಅಂಗಡಿಗೆ ಹೋದಾಗ ಗಮನಿಸಬೇಕಾದದ್ದಿಷ್ಟು. ಪಾದ ಊದಿರುವ ಸಂಜೆಯ ಹೊತ್ತಿನಲ್ಲಿ ಹೋಗಿ. ನಿಂತುಕೊಂಡು ಎರಡೂ ಕಾಲಿನ ಅಳತೆ ತೆಗೆಸಿ. ಒಂದು ದೊಡ್ಡದಿದ್ದರೆ ಅದಕ್ಕೆ ತಕ್ಕುದನ್ನು ಕೊಳ್ಳಿ. ಮನೆಯಲ್ಲಿ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಕತ್ತರಿಸಿ, ಜೊತೆಗೆ ಒಯ್ಯಿರಿ. ಜೋಡಿನ ಅಟ್ಟೆಗಿಂತ ಕಾಗದ ಹೊರಗೆ ಚಾಚಿದರೆ ಆ ಜೋಡು ನಿಮ್ಮದಲ್ಲ. ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗವಿರಲಿ. ಜೋಡು ಬೆರಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಮಡಚಿಕೊಳ್ಳಬಾರದು. ಹಿಮ್ಮಡಿಯ ಹಿಂಬದಿ ಒತ್ತಿದರೆ ಕುಸಿಯಬಾರದು. ಎತ್ತರದ ಹಿಮ್ಮಡಿ ಭಾರವನ್ನೆಲ್ಲ ಬೆರಳ ಬುಡಕ್ಕೆ ತಳ್ಳುವುದರಿಂದ ನಿಂತು ಮಾಡುವ ಕೆಲಸಕ್ಕೆ ಸಲ್ಲದು. ಪಾದ ಮುಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿಯೋ ಲೇಸೋ ಇರಬೇಕು. ಕೆಲಸಕ್ಕೆ ಲೇಸುಳ್ಳ ಜೋಡೇ ಲೇಸು. ಅಂಗಡಿಯಲ್ಲಿ ಹತ್ತು ನಿಮಿಷ ನಡೆದಾಡಿ. "ಆಮೇಲೆ ಸರಿಹೋಗುತ್ತದೆ" ಎಂದು ಅಂಗಡಿಯವನು ಹೇಳಿದರೆ ನಮಸ್ಕಾರ ಮಾಡಿ ಹೊರಬನ್ನಿ.

ಕಟ್ಟಕಡೆಗೆ, ಎಷ್ಟೇ ಒಳ್ಳೆಯ ಜೋಡಾದರೂ ಕುರ್ಚಿಯ ಕೆಲಸವನ್ನು ಮಾಡಲಾರದು. ನಿಂತು ದುಡಿಯುವವರಿಗೆ ಸಂದರ್ಭ ಸಿಕ್ಕಾಗ ಕೂಡಲು ಆಸನ ಬೇಕೆಂದು ೧೯೪೮ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಅಂಗಡಿಗಳಲ್ಲಿ ದುಡಿಯುವವರಿಗೆ ಕೇರಳ ೨೦೧೮ರಲ್ಲಿ, ತಮಿಳುನಾಡು ೨೦೨೧ರಲ್ಲಿ ಕಾಯಿದೆಯನ್ನು ತಿದ್ದಿ ಈ ಹಕ್ಕನ್ನು ಕೊಟ್ಟವು. ನಮ್ಮ ಸಭೆಯಲ್ಲಿ ಹೋಟೆಲು ಅಂಗಡಿಗಳನ್ನು ನಡೆಸುವ ಹಿರಿಯರಿದ್ದಾರೆ. ಊರಿನಿಂದ ಬಂದ ಹುಡುಗರಿಗೆ ಅನ್ನ, ನೆಲೆ, ರಾತ್ರಿಶಾಲೆಗಳನ್ನು ಒದಗಿಸಿದ ಪರಂಪರೆ ಹೊರನಾಡ ಕನ್ನಡಿಗರದು. ಅದಕ್ಕೆ ಇನ್ನೆರಡನ್ನು ಸೇರಿಸಿ ಎಂದು ಕೈಮುಗಿದು ಬೇಡುತ್ತೇನೆ: ಒಬ್ಬೊಬ್ಬನ ಕಾಲನ್ನೂ ಅಳೆದು ಕೊಡಿಸಿದ, ಜಾರದ ಒಂದು ಜೊತೆ ಜೋಡು; ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂಡಲು ಒಂದು ಸ್ಟೂಲು. ಸಂಘದವರೂ ವರ್ಷಕ್ಕೊಮ್ಮೆ ಪಾದಪರೀಕ್ಷೆಯ ಶಿಬಿರವೊಂದನ್ನು ಏರ್ಪಡಿಸಿ, ನಮ್ಮ ವೃದ್ಧರ, ಮಧುಮೇಹಿಗಳ ಪಾದಗಳನ್ನು ವೈದ್ಯರಿಗೆ ತೋರಿಸುವಂತಾದರೆ ಬಹು ಉಪಕಾರವಾದೀತು. ಇದಕ್ಕೆ ದೊಡ್ಡ ನಿಧಿ ಬೇಡ; ಒಂದು ಭಾನುವಾರ ಬೆಳಗಿನ ಹೊತ್ತು ಸಾಕು.